ಹಳೆಯ ಯೆಜ್ಡಿಗೆ ಇಗ್ನಿಷನ್ ಬಿಡಿಭಾಗಗಳನ್ನು ಹುಡುಕುವ ಬಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕೆಲವು ರೈತರ ಮನೆಗಳಲ್ಲಿ ಇಂದಿಗೂ ಹಳೆಯ ಯೆಜ್ಡಿ ಮೋಟಾರ್ ಸೈಕಲ್ ಉಂಟು. ಹೊಲಕ್ಕೆ ಔಷಧಿ ಡಬ್ಬ ಒಯ್ಯಲು, ಪೇಟೆಗೆ ಹೋಗಿಬರಲು ಗಟ್ಟಿಯಾದ ಗಾಡಿ. ಆದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ಒಂದು ದಿನ ಎಷ್ಟು ಕಿಕ್ ಹೊಡೆದರೂ ಅದು ಹೊತ್ತಿಕೊಳ್ಳುವುದಿಲ್ಲ. “ಇದರ ಸಾಮಾನು ಈಗ ಸಿಗೋದಿಲ್ಲ” ಎಂಬ ಮಾತು ಕೇಳಿ ಗಾಡಿಯನ್ನು ಗುಜರಿಗೆ ಹಾಕುವವರುಂಟು. ಹಲವು ಸಲ ಕೆಟ್ಟಿರುವುದು ಹೆಬ್ಬೆರಳ ಗಾತ್ರದ ಒಂದು ಕಂಡೆನ್ಸರ್ ಮಾತ್ರ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಹೆಸರಿನಲ್ಲಿಯೂ, 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಆದ್ದರಿಂದ ಈಗ ದೊರೆಯುವುದು ಅಂಗಡಿಗಳಲ್ಲಿ ಉಳಿದ ಹಳೆಯ ದಾಸ್ತಾನು, ಬೇರೆಯವರು ಹೊಸದಾಗಿ ಮಾಡಿದ ನಕಲು ಮತ್ತು ಗುಜರಿ ಗಾಡಿಗಳಿಂದ ಬಿಚ್ಚಿದ ಭಾಗ, ಈ ಮೂರೇ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಪೇಟೆಗೆ ಬಂದವು. ಇವು ನಾಲ್ಕು ಹೊಡೆತದ ಬೇರೆಯೇ ಎಂಜಿನ್ನುಗಳು. ಇವುಗಳ ಇಗ್ನಿಷನ್ ಸಾಮಾನು ಹಳೆಯ ಗಾಡಿಗೆ ಹೊಂದುವುದಿಲ್ಲ.

ಪಾಯಿಂಟು ಇರುವ ಹಳೆಯ ಮಾದರಿಗಳಲ್ಲಿ 6 ವೋಲ್ಟಿನ ಬ್ಯಾಟರಿಯಿಂದ ವಿದ್ಯುತ್ತು ಕಾಯಿಲಿಗೆ ಹೋಗುತ್ತದೆ. ಎಂಜಿನ್ನಿನ ಬಲಬದಿಯಲ್ಲಿ ಡೈನಮೊ ಜೊತೆಗಿರುವ ಕಾಂಟ್ಯಾಕ್ಟ್ ಪಾಯಿಂಟು ತೆರೆದ ಕ್ಷಣದಲ್ಲಿ ಕಾಯಿಲಿನಲ್ಲಿ ಸಾವಿರಾರು ವೋಲ್ಟು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ಕ್ಷಣದಲ್ಲಿ ಪಾಯಿಂಟಿನ ನಡುವೆಯೇ ಕಿಡಿ ಹಾರಿ ಶಕ್ತಿ ವ್ಯರ್ಥವಾಗದಂತೆ ತಡೆಯುವುದು ಕಂಡೆನ್ಸರಿನ ಕೆಲಸ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ. ಮೊದಲು ಅದನ್ನೇ ನೋಡತಕ್ಕದ್ದು.

ಸಾಮಾನು ಹುಡುಕುವ ಮೊದಲು ಕೆಟ್ಟದ್ದು ಯಾವುದೆಂದು ತಿಳಿಯಬೇಕು. ಹಳೆಯ ಪ್ಲಗ್ಗನ್ನು ಹೆಡ್ಡಿನಲ್ಲಿಯೇ ಬಿಟ್ಟು, ಬೇರೊಂದು ಒಳ್ಳೆಯ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಬೇಕು. ಕೈಯಲ್ಲಿ ಹಿಡಿಯಕೂಡದು, ಸಮೀಪ ಪೆಟ್ರೋಲು ಚೆಲ್ಲಿರಕೂಡದು. ನೀಲಿ ಛಾಯೆಯ ಗಟ್ಟಿ ಕಿಡಿ ಬಂದರೆ ಹಳೆಯ ಪ್ಲಗ್ಗನ್ನು ಬದಲಿಸಿ ನೋಡಬೇಕು. ಆಗಲೂ ಎಂಜಿನ್ನು ಹೊತ್ತಿಕೊಳ್ಳದಿದ್ದರೆ ಟೈಮಿಂಗನ್ನೂ ಕಾರ್ಬುರೇಟರನ್ನೂ ನೋಡುವುದು ಯುಕ್ತ. ಕಿಡಿಯೇ ಇಲ್ಲದಿದ್ದರೆ, ಇಲ್ಲವೆ ಹಳದಿಯಾಗಿ ಬಡಕಲಾಗಿದ್ದರೆ ಪಾಯಿಂಟಿನ ಮುಚ್ಚಳ ತೆಗೆಯಬೇಕು.

ಪಾಯಿಂಟು ಪೂರ್ತಿ ತೆರೆದಾಗ ಅಂತರವು ಸುಮಾರು 0.4 ಮಿ.ಮೀ. ಇರಬೇಕು. ಫೀಲರ್ ಗೇಜು ಇಲ್ಲದೆ ಕಣ್ಣಂದಾಜಿನಲ್ಲಿ ಇಡುವ ರೂಢಿ ನಮ್ಮಲ್ಲಿ ಹೆಚ್ಚು. ಅದೇ ಅರ್ಧ ತೊಂದರೆಗೆ ಮೂಲ. ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಅಂತರ ಕಿರಿದಾಗಿ ಕಿಡಿ ತಡವಾಗುತ್ತದೆ, ಎಂಜಿನ್ನು ಕಾದು ಎಳೆತ ಕಳೆದುಕೊಳ್ಳುತ್ತದೆ. ಪಾಯಿಂಟು ಪದೇ ಪದೇ ಎಣ್ಣೆಯಿಂದ ನೆನೆಯುತ್ತಿದ್ದರೆ ಹೊಸ ಪಾಯಿಂಟು ಹಾಕಿ ಫಲವಿಲ್ಲ, ಬಲಬದಿಯ ಆಯಿಲ್ ಸೀಲು ಬದಲಿಸಬೇಕು. ಮುಸ್ಸಂಜೆಯಲ್ಲಿ ಕಿಕ್ ಹೊಡೆದು ನೋಡಿದಾಗ ಪಾಯಿಂಟಿನಲ್ಲಿಯೇ ದೊಡ್ಡ ಕಿಡಿ ಕಂಡರೆ ಕಂಡೆನ್ಸರ್ ಹೋಗಿದೆಯೆಂದೇ ತಿಳಿಯಬಹುದು. ಗಾಡಿ ತಣ್ಣಗಿದ್ದಾಗ ಹೊರಟು, ಕಾದ ಮೇಲೆ ನಿಂತು, ಆರಿದ ಬಳಿಕ ಮತ್ತೆ ಹೊರಡುವುದಾದರೆ ಕಂಡೆನ್ಸರ್ ಅಥವಾ ಕಾಯಿಲು ಎರಡರಲ್ಲೊಂದು. ಅಗ್ಗವಾದ ಕಂಡೆನ್ಸರನ್ನೇ ಮೊದಲು ಬದಲಿಸುವುದು ಲೇಸು.

ಈ ಭಾಗಗಳಲ್ಲಿ ಹಲವು ಯೆಜ್ಡಿಯವೇ ಆಗಬೇಕೆಂದಿಲ್ಲ. ಸುಮಾರು 0.2ರಿಂದ 0.3 ಮೈಕ್ರೊಫ್ಯಾರಡ್ ಇರುವ, ಪಾಯಿಂಟು ಇಗ್ನಿಷನ್ನಿಗೆಂದೇ ಮಾಡಿದ ಬೇರೆ ಗಾಡಿಯ ಕಂಡೆನ್ಸರ್ ಕೂಡ ನಡೆಯುತ್ತದೆ. ಮೂಲ ಜಾಗದಲ್ಲಿ ಕೂಡದಿದ್ದರೆ ಎಂಜಿನ್ನಿನ ಶಾಖ ತಾಗದ ಕಡೆ ಬಿಗಿದು, ಅದರ ಮೈಯನ್ನು ಚಾಸಿಗೆ, ತಂತಿಯನ್ನು ಪಾಯಿಂಟಿನ ತಂತಿಗೆ ಕೂಡಿಸಬಹುದು. ಕಾಯಿಲು ಕೊಳ್ಳುವಾಗ ಆಕಾರಕ್ಕಿಂತ ವೋಲ್ಟು ನೋಡಬೇಕು. 6 ವೋಲ್ಟಿನ ಗಾಡಿಗೆ 12ರ ಕಾಯಿಲು ಹಾಕಿದರೆ ಕಿಡಿ ಬಡಕಲಾಗುತ್ತದೆ; 12ರ ಗಾಡಿಗೆ 6ರದ್ದು ಹಾಕಿದರೆ ಕಾಯಿಲು ಕಾದು ಪಾಯಿಂಟು ಸುಡುತ್ತದೆ. ಪಾಯಿಂಟು, ಅದರ ತಟ್ಟೆ, ಕ್ಯಾಮು ಮತ್ತು ಡೈನಮೊ ಭಾಗಗಳು ಮಾತ್ರ ಅದೇ ಗಾಡಿಯವೇ ಬೇಕು. ಹುಡುಕಾಟದ ಶ್ರಮವೆಲ್ಲ ಇವುಗಳಿಗೆ.

ಪ್ಲಗ್ಗಿನ ವಿಷಯದಲ್ಲಿ ಒಂದು ಮೋಸದ ಜಾಗವುಂಟು. ಬೆಂಗಳೂರಿನ ಮೈಕೊ ಕಂಪನಿಯ ಹಳೆಯ ಪ್ಲಗ್ಗುಗಳಲ್ಲಿ ಡಬ್ಲ್ಯೂ 145, ಡಬ್ಲ್ಯೂ 175, ಡಬ್ಲ್ಯೂ 225 ಎಂದು ಅಂಕಿ ಏರಿದಷ್ಟೂ ಪ್ಲಗ್ಗು ‘ತಂಪು’. ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು. ಬಾಷ್ ಪ್ಲಗ್ಗುಗಳ ಹೊಸ ಕ್ರಮದಲ್ಲಿ ಅಂಕಿ ಏರಿದಷ್ಟೂ ಪ್ಲಗ್ಗು ‘ಬಿಸಿ’. ಹಳೆಯ 175ಕ್ಕೆ ಹೊಸದರಲ್ಲಿ 7, ಹಳೆಯ 145ಕ್ಕೆ 8 ಸಮ. ತಪ್ಪಾಗಿ ತೀರ ಬಿಸಿ ಪ್ಲಗ್ಗು ಹಾಕಿದರೆ ಪಿಸ್ಟನ್ನೇ ಕರಗೀತು. ಚೂಡಿಯ ಉದ್ದವನ್ನೂ ಅಳೆಯಬೇಕು: ಯೆಜ್ಡಿಗೆ ಬೇಕಾದದ್ದು 12.7 ಮಿ.ಮೀ., 19 ಮಿ.ಮೀ.ನದು ಪಿಸ್ಟನ್ನಿಗೆ ಬಡಿಯಬಹುದು.

ಹುಡುಕಲು ಹೊರಡುವಾಗ ಕಳಚಿದ ಭಾಗವನ್ನೇ ಕೈಯಲ್ಲಿ ಒಯ್ಯಬೇಕು. ಬಾಯಿಮಾತಿನ ವರ್ಣನೆಗೆ ಅಂಗಡಿಯವರು ಕೊಡುವುದು ಬೇರೆಯೇ ಆದೀತು. ಗಾಡಿಯ ಮಾದರಿ, ತಯಾರಾದ ವರ್ಷ ಮತ್ತು ಎಂಜಿನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡಿರಬೇಕು. ಮೊದಲು ಊರಿನ ಹಳೆಯ ಮಿಸ್ತ್ರಿಗಳನ್ನು ವಿಚಾರಿಸುವುದು ಒಳಿತು. ಅವರ ತಗಡಿನ ಡಬ್ಬಗಳಲ್ಲಿ ಏನೇನೋ ಉಳಿದಿರುತ್ತದೆ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿ, ದಾವಣಗೆರೆ. ಕೊನೆಗೆ ಮೈಸೂರು ಅಥವಾ ಬೆಂಗಳೂರಿನ ಜೆ.ಸಿ. ರಸ್ತೆ. ನಕಲು ಪಾಯಿಂಟು ಕೊಳ್ಳುವಾಗ ಎರಡು ತುದಿಗಳೂ ಎದುರುಬದುರಾಗಿ ಸಮನಾಗಿ ಕೂಡುತ್ತವೆಯೇ, ಫೈಬರ್ ತುಂಡು ಅಲುಗದೆ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಪಾಯಿಂಟಿನ ಗೊಡವೆಯೇ ಬೇಡವೆಂದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸಿಕೊಳ್ಳುವವರೂ ಇದ್ದಾರೆ. ಅದು 12 ವೋಲ್ಟಿನದಾದರೆ ಬ್ಯಾಟರಿ, ಬಲ್ಬು, ಹಾರನ್, ಚಾರ್ಜಿಂಗ್ ಎಲ್ಲವೂ ಬದಲಾಗಬೇಕು. ಆ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ಕಳಚಿದ ಹಳೆಯ ತಟ್ಟೆ, ಪಾಯಿಂಟುಗಳನ್ನು ಎಸೆಯದೆ ಎಣ್ಣೆಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು. ಹೊಸ ಪೆಟ್ಟಿಗೆ ಹೊಲದ ದಾರಿಯಲ್ಲಿ ಕೈಕೊಟ್ಟರೆ ಊರಿನ ಮಿಸ್ತ್ರಿ ರಿಪೇರಿ ಮಾಡಬಲ್ಲದ್ದು ಅದನ್ನೇ.