ಆರನೆಯ ವರ್ಷದ ದವಡೆಹಲ್ಲಿಗೊಂದು ಕವಚ

ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ಬಾಯಿಯ ಹಿಂಭಾಗದಲ್ಲಿ ನಾಲ್ಕು ಹೊಸ ದವಡೆಹಲ್ಲುಗಳು ಸದ್ದಿಲ್ಲದೆ ಮೂಡುತ್ತವೆ. ಇವು ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವುದಿಲ್ಲ. ಕೊನೆಯ ಹಾಲುಹಲ್ಲಿನ ಹಿಂದೆ ಹುಟ್ಟುತ್ತವೆ. ಆದುದರಿಂದ ಅನೇಕ ತಾಯ್ತಂದೆಯರು ಇವನ್ನೂ ಹಾಲುಹಲ್ಲುಗಳೆಂದೇ ಬಗೆದು, ಹುಳುಕು ಕಂಡರೂ ‘ಬಿದ್ದು ಹೊಸದು ಬರುತ್ತದೆ’ ಎಂದು ಸುಮ್ಮನಾಗುತ್ತಾರೆ. ಆದರೆ ಇವು ಶಾಶ್ವತ ದಂತಗಳು. ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಗಳದು ಕಬ್ಬಿನ ಸೀಮೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಆಲೆಮನೆಗಳು ಇಂದಿಗೂ ಹೊಗೆಯಾಡುತ್ತಿವೆ. ಬೆಲ್ಲವು ನೈಸರ್ಗಿಕವಾದುದರಿಂದ ಹಲ್ಲಿಗೆ ಕೆಡುಕಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಇದು ಸರಿಯಲ್ಲ. ಬೆಲ್ಲದ ಬಹುಭಾಗವೂ ಸಕ್ಕರೆಯೇ. ಬಾಯಿಯಲ್ಲಿನ ಸೂಕ್ಷ್ಮಾಣುಗಳು ಅದನ್ನು ಆಮ್ಲವಾಗಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಪದರವಾದ ಎನಾಮಲ್ಲನ್ನು ಕರಗಿಸುತ್ತದೆ. ದವಡೆಹಲ್ಲಿನ ಮೇಲ್ಮೈಯ ಸೀಳುಗಳಾದರೋ ಬ್ರಶ್ಶಿನ ಎಳೆಗಿಂತಲೂ ಕಿರಿದು. ಅಲ್ಲಿ ಸೇರಿದ ಆಹಾರಕಣವನ್ನು ಬ್ರಶ್ಶೂ ತೆಗೆಯಲಾರದು, ಬೇವಿನ ಕಡ್ಡಿಯೂ ತೆಗೆಯಲಾರದು.

ಸುಶ್ರುತಾಚಾರ್ಯರು ‘ಕೃಮಿದಂತಕ’ವೆಂಬ ಹೆಸರಿನಿಂದ ಈ ವ್ಯಾಧಿಯನ್ನು ವರ್ಣಿಸಿದ್ದಾರೆ. ದಂತಧಾವನಕ್ಕೆ ಬೇವು, ಹೊಂಗೆ, ಖದಿರಗಳನ್ನು ವಿಧಿಸಿದ್ದಾರೆ. ಇವುಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಯುರ್ವೇದದ ಮೊದಲ ಚಿಕಿತ್ಸೆ ‘ನಿದಾನ ಪರಿವರ್ಜನ’, ಅಂದರೆ ಕಾರಣವನ್ನೇ ದೂರವಿಡುವುದು. ಸೀಳೇ ಕಾರಣವಾದಲ್ಲಿ ಸೀಳನ್ನು ಮುಚ್ಚುವುದು ಈ ತತ್ತ್ವಕ್ಕೆ ಹೊರತಾದುದಲ್ಲ.

ಹಾಗೆ ಮುಚ್ಚುವ ಲೇಪಕ್ಕೆ ‘ಸೀಲೆಂಟ್’ ಎಂದು ಹೆಸರು. ಆಮ್ಲದಿಂದ ಎನಾಮಲ್ಲನ್ನು ತುಸು ಒರಟಾಗಿಸಿದರೆ ರಾಳವು ಅದಕ್ಕೆ ಬಿಗಿಯಾಗಿ ಅಂಟುವುದೆಂದು 1955ರಲ್ಲಿ ಅಮೆರಿಕದ ದಂತವಿಜ್ಞಾನಿ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟರು. ವಿಧಾನ ಸರಳ: ಹಲ್ಲನ್ನು ಶುಚಿಗೊಳಿಸಿ, ಕೆಲವು ಕ್ಷಣ ಮಂದ ಆಮ್ಲ ಹಚ್ಚಿ, ತೊಳೆದು ಒಣಗಿಸಿ, ದ್ರವರೂಪದ ರಾಳವನ್ನು ಸೀಳಿಗೆ ಹರಿಸಿ, ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಚುಚ್ಚುಮದ್ದಿಲ್ಲ, ಕೊರೆಯುವುದಿಲ್ಲ, ನೋವಿಲ್ಲ. ಹಲ್ಲನ್ನು ಒಣಗಿಸಿಡುವುದು ಕಷ್ಟವಾದಲ್ಲಿ ಗ್ಲಾಸ್ ಅಯನೋಮರ್ ಎಂಬ ಬೇರೊಂದು ಲೇಪವನ್ನು ಬಳಸುತ್ತಾರೆ. ಹಿಂಬದಿಯ ಹಲ್ಲುಗಳಲ್ಲಿ ಉಂಟಾಗುವ ಹುಳುಕಿನ ಶೇ. 80ರಷ್ಟನ್ನು ಸೀಲೆಂಟ್ ಎರಡು ವರ್ಷಗಳ ಕಾಲ ತಡೆಯುತ್ತದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತಿಳಿಸುತ್ತದೆ.

ಇದರ ಮಿತಿಯನ್ನೂ ಅರಿತಿರಬೇಕು. ಹಲ್ಲು-ಹಲ್ಲುಗಳ ನಡುವಿನ ಸಂದಿಯನ್ನು ಇದು ಕಾಯುವುದಿಲ್ಲ. ಆಳವಾಗಿ ಕೊರೆದ ಹುಳುಕಿಗೆ ಇದು ಚಿಕಿತ್ಸೆಯಲ್ಲ. ಲೇಪವು ಸವೆಯಬಹುದು, ಕಳಚಬಹುದು. ಆದುದರಿಂದ ಆಗಾಗ ಪರೀಕ್ಷಿಸಿಕೊಳ್ಳಬೇಕು. ಫ್ಲೋರೈಡ್‌ಯುಕ್ತ ಪೇಸ್ಟಿನಿಂದ ದಿನಕ್ಕೆರಡು ಬಾರಿ ಉಜ್ಜುವುದಂತೂ ತಪ್ಪಬಾರದು. ಹಲ್ಲುನೋವಿಗೆ ಲವಂಗದ ಎಣ್ಣೆ ಇಟ್ಟು ತಿಂಗಳುಗಟ್ಟಲೆ ಕಾಯುವವರು ಒಂದು ಮಾತನ್ನು ನೆನಪಿಡಬೇಕು: ಎಣ್ಣೆಯು ನೋವನ್ನು ಮರೆಸುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ.

ಆರು-ಏಳನೆಯ ವರ್ಷದಲ್ಲಿ ಮೊದಲ ದವಡೆಹಲ್ಲಿಗೆ, ಹನ್ನೆರಡರ ಸುಮಾರಿಗೆ ಎರಡನೆಯದಕ್ಕೆ, ಅವು ಪೂರ್ತಿ ಹೊರಬಂದೊಡನೆ ಈ ಕವಚ ಹಾಕಿಸುವುದು ಉತ್ತಮ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡವು ಸರ್ಕಾರಿ ಶಾಲೆಗೆ ಬಂದಾಗ ಮಕ್ಕಳ ಹಲ್ಲನ್ನೂ ನೋಡುತ್ತದೆ. ಆ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ದಂತ ವಿಭಾಗದಲ್ಲಾಗಲಿ, ಮೈಸೂರಿನ ಜೆಎಸ್‌ಎಸ್ ದಂತವೈದ್ಯ ಕಾಲೇಜಿನಲ್ಲಾಗಲಿ ವಿಚಾರಿಸಬಹುದು.

ಪ್ರಸಾದನಿಲಯಗಳ ಮೇಲ್ವಿಚಾರಕರಲ್ಲಿ ಒಂದು ವಿನಂತಿ. ದಾಸೋಹದ ಪಂಕ್ತಿಯಲ್ಲಿ ಸಿಹಿಯುಂಡ ಮಕ್ಕಳು ಬಾಯಿ ಮುಕ್ಕಳಿಸಿ ಏಳುವಂತೆ ನೋಡಿಕೊಳ್ಳಿ; ಮಲಗುವ ಮುನ್ನ ಹಲ್ಲುಜ್ಜುವುದನ್ನು ನಿತ್ಯನೇಮವಾಗಿಸಿ. ಹೆತ್ತವರೇ, ಈ ದಿನವೇ ಮಗುವನ್ನು ಬೆಳಕಿಗೆ ಕೂಡಿಸಿ, ಬಾಯಿ ತೆರೆಯಿಸಿ, ಹಿಂದಿನ ಆ ನಾಲ್ಕು ಹಲ್ಲುಗಳನ್ನು ಒಮ್ಮೆ ನೋಡಿರಿ.