ಪ್ಲಾಟ್‌ಫಾರಂ ಮಕ್ಕಳ ಪಾಠಶಾಲೆ

ಮನೆ ಬಿಟ್ಟು ಬಂದ ಮಕ್ಕಳಿಗೆ ಮಹಾನಗರದಲ್ಲಿ ಮೊದಲು ಸಿಗುವ ಆಸರೆ ರೈಲು ನಿಲ್ದಾಣ. ಖಾಲಿ ಬಾಟಲಿ ಆಯ್ದು ಗುಜರಿಗೆ ಹಾಕಿದರೆ ಅಂದಿನ ಊಟ ಸಾಗುತ್ತದೆ, ಮಲಗಲು ಪ್ಲಾಟ್‌ಫಾರಂ ಇದೆ. ಇಂಥ ಮಗುವನ್ನು ಶಾಲೆಗೆ ಸೇರಿಸುವುದು ಹೇಳಿದಷ್ಟು ಸುಲಭವಲ್ಲ. ಹತ್ತು ವರ್ಷದ ಹುಡುಗ ಒಂದನೇ ತರಗತಿಯ ಪುಟಾಣಿಗಳ ಜೊತೆ ಕೂರಲು ನಾಚುತ್ತಾನೆ, ದುಡಿಮೆ ಬಿಟ್ಟರೆ ಹೊಟ್ಟೆಗಿಲ್ಲ. ಹಾಗಾಗಿ ಪಾಠವನ್ನೇ ಮಕ್ಕಳಿರುವಲ್ಲಿಗೆ, ಅವರ ಬಿಡುವಿನ ಹೊತ್ತಿಗೆ ಒಯ್ಯುವ ಅನೌಪಚಾರಿಕ ಶಿಕ್ಷಣ ಬೆಳೆಯಿತು.

ಇಂಥ ಮಕ್ಕಳಿಗಾಗಿ ದುಡಿಯುವ ದೆಹಲಿಯ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿದ್ದೇ ಕಲೆಯಿಂದ. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಚಿತ್ರದಲ್ಲಿ ಬೀದಿ ಮಕ್ಕಳೇ ನಟಿಸಿದ್ದರು. ಚಿತ್ರೀಕರಣಕ್ಕೆ ಮುನ್ನ ಅವರನ್ನು ಕಾರ್ಯಾಗಾರದಲ್ಲಿ ಪಳಗಿಸಿದವರು ರಂಗ ನಿರ್ದೇಶಕ ಬ್ಯಾರಿ ಜಾನ್. ಚಿತ್ರದ ಗಳಿಕೆಯಿಂದ ಅದೇ ವರ್ಷ ಆರಂಭವಾದ ಟ್ರಸ್ಟ್, ನವದೆಹಲಿ ನಿಲ್ದಾಣದ ರೈಲ್ವೆ ಪೊಲೀಸ್ ಠಾಣೆಯ ಬಾಲ್ಕನಿಯಲ್ಲಿ 25 ಮಕ್ಕಳನ್ನು ಕೂರಿಸಿಕೊಂಡು ಕೆಲಸ ಶುರುಮಾಡಿತು.

ಇಂಥ ಕೇಂದ್ರಗಳಲ್ಲಿ ಅಕ್ಷರ ಮೊದಲಿಗೆ ಬರುವುದಿಲ್ಲ. ಊಟ, ಸ್ನಾನ, ಗಾಯಕ್ಕೆ ಔಷಧಿ, ಆಮೇಲೆ ಬಣ್ಣದ ಪೆನ್ಸಿಲ್. ಚಿತ್ರ ಬಿಡಿಸಲು ಹಿಂದಿನ ತರಗತಿ ಪಾಸಾಗಿರಬೇಕಿಲ್ಲ. ಊರು, ಹೆಸರು ಕೇಳಿದರೆ ಸುಳ್ಳು ಹೇಳುವ ಮಗು, ನಾಟಕದ ಪಾತ್ರದ ಮರೆಯಲ್ಲಿ ತನ್ನ ಕಥೆಯನ್ನೇ ಆಡಿಬಿಡುವುದುಂಟು. ಓದಲು ಬಾರದವರು ಮೊದಮೊದಲು ಮಾತುಗಳನ್ನು ಕೇಳಿಯೇ ಬಾಯಿಪಾಠ ಮಾಡುತ್ತಾರೆ. ಮಾತು ಉದ್ದವಾದಂತೆ ಕೈಯಲ್ಲೊಂದು ಚೀಟಿ ಬೇಕೆನಿಸುತ್ತದೆ, ಚೀಟಿ ಓದಲು ಅಕ್ಷರ ಬೇಕಾಗುತ್ತದೆ. ಕಲೆಯೆಂದರೆ ದಾನಿಗಳು ಬಂದ ದಿನ ಮಕ್ಕಳನ್ನು ಕುಣಿಸುವುದು ಎಂದುಕೊಂಡವರಿಗೆ ಈ ಲಾಭ ದಕ್ಕುವುದಿಲ್ಲ.

ಅಕ್ಷರ ಹತ್ತಿದ ಮೇಲೆ ಎರಡು ದಾರಿಗಳಿವೆ. ಒಂದು, ಸಾಮಾನ್ಯ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಕರ್ನಾಟಕದ ‘ಚಿಣ್ಣರ ಅಂಗಳ’ ಇಂಥದೇ ಸೇತುಬಂಧ ತರಗತಿ. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳು. ಇಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳನ್ನು ದಾಟಿ ಹತ್ತನೆಯದಕ್ಕೆ ಕಟ್ಟಬಹುದು.

ಕಲೆಯೊಂದೇ ಅನ್ನ ಕೊಡದು ಎಂಬುದೂ ನಿಜ. ‘ಸಲಾಂ ಬಾಂಬೆ’ಯ ಮುಖ್ಯ ಪಾತ್ರ ಮಾಡಿ ರಾಷ್ಟ್ರ ಪ್ರಶಸ್ತಿ ಪಡೆದ ಶಫೀಕ್ ಸೈಯದ್ ಬೆಂಗಳೂರಿನಿಂದ ಮುಂಬೈಗೆ ಓಡಿಹೋಗಿದ್ದ ಹುಡುಗ. ಮುಂದೆ ಅವಕಾಶಗಳು ಸಿಗದೆ ಬೆಂಗಳೂರಿಗೆ ಮರಳಿ ಆಟೋ ಓಡಿಸಿದರು. ಆದರೆ ಬಂಗಾಳದ ಪುರುಲಿಯಾದಿಂದ ಓಡಿಬಂದು ನವದೆಹಲಿ ನಿಲ್ದಾಣದಲ್ಲಿ ಚಿಂದಿ ಆಯುತ್ತಿದ್ದ ವಿಕ್ಕಿ ರಾಯ್‌ಗೆ ಟ್ರಸ್ಟ್ ವರ್ಷಗಟ್ಟಲೆ ಆಸರೆಯಾಗಿ ನಿಂತಿತು. ಛಾಯಾಗ್ರಹಣ ಕಲಿತ ಅವರು 2007ರಲ್ಲಿ ಬೀದಿ ಮಕ್ಕಳ ಬದುಕಿನ ಚಿತ್ರಗಳ ಪ್ರದರ್ಶನ ನಡೆಸಿದರು, ಮುಂದೆ ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದ ಮರುನಿರ್ಮಾಣವನ್ನೂ ಚಿತ್ರೀಕರಿಸಿದರು. ಎಲ್ಲರೂ ಕಲಾವಿದರಾಗುವುದಿಲ್ಲ. ಟ್ರಸ್ಟ್‌ನಲ್ಲಿ ಬೆಳೆದ ಕೆಲವು ಯುವಕರು ಪಹಾಡ್‌ಗಂಜ್‌ನ ಗಲ್ಲಿಗಳಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಿಗಳಾಗಿ ದುಡಿಯುತ್ತಾರೆ. ತಮ್ಮ ಬಾಲ್ಯದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವುದೂ ಆ ಕೆಲಸದ ಭಾಗ.