ದತ್ತಾಂಶ ಕಡತಗಳ ಆಮದು: ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯತ್‌ಗಳಲ್ಲಿ ಎಕ್ಸೆಲ್ ಕಡತಗಳಾಗಿ ಸಿದ್ಧಗೊಂಡ ಬಾವಿ, ಮನೆ ಹಾಗೂ ಕುಟುಂಬಗಳ ವಿವರಗಳನ್ನು ಎಸ್‌ಪಿಎಸ್‌ಎಸ್, ಆರ್ ಮೊದಲಾದ ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳಿಗೆ ವರ್ಗಾಯಿಸಿ ವಿಶ್ಲೇಷಿಸಬಹುದಾಗಿದೆ. ಈ ವರ್ಗಾವಣೆಯನ್ನು ಆಮದು ಎನ್ನುತ್ತಾರೆ. ಆಮದಿನಲ್ಲಿ ಲೋಪವಾದರೂ ತಂತ್ರಾಂಶವು ಅನೇಕ ಬಾರಿ ಎಚ್ಚರಿಕೆ ನೀಡದೆ ಲೆಕ್ಕವನ್ನು ಮುಂದುವರಿಸುತ್ತದೆ. ಆದುದರಿಂದ ವರದಿಯನ್ನು ಅಂಗೀಕರಿಸುವ ಮುನ್ನ ಸದಸ್ಯರು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಅಗತ್ಯ.

1. ಖಾಲಿ ಕೋಶಗಳು: ಒಂದು ವಾರ್ಡಿನ 4 ಬಾವಿಗಳ ಪೈಕಿ 3ರಲ್ಲಿ ಮೇ ತಿಂಗಳಿನಲ್ಲಿ ನೀರು ನೆಲಮಟ್ಟದಿಂದ 10, 12 ಮತ್ತು 14 ಮೀಟರ್ ಆಳದಲ್ಲಿದ್ದು, ನಾಲ್ಕನೆಯದನ್ನು ಅಳೆದಿಲ್ಲವೆಂದು ಭಾವಿಸಬಹುದು. ಅಳೆದ ಬಾವಿಗಳ ಸರಾಸರಿ 12 ಮೀಟರ್. ಖಾಲಿ ಜಾಗದಲ್ಲಿ ಸೊನ್ನೆ ಸೇರಿದರೆ ಸರಾಸರಿ 9 ಮೀಟರ್‌ಗೆ ಇಳಿಯುತ್ತದೆ; ಅಳೆಯದ ಬಾವಿ ತುಂಬಿ ನಿಂತಂತೆ ಲೆಕ್ಕಕ್ಕೆ ಬರುತ್ತದೆ. ಇದರಿಂದ ಟ್ಯಾಂಕರ್ ನೀರಿನ ಅಗತ್ಯವಿರುವ ವಾರ್ಡು ಪಟ್ಟಿಯಿಂದಲೇ ಬಿಟ್ಟುಹೋಗಬಹುದು.

2. ಕನ್ನಡ ಅಕ್ಷರಗಳು: ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಹೆಸರುಗಳು ಆಮದಿನ ಬಳಿಕ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ‘ಕಾರ್ಕಳ’ ಎಂಬ ಪದದ ಕೊನೆಗೆ ಒಂದು ಹೆಚ್ಚುವರಿ ಖಾಲಿ ಜಾಗವಿದ್ದರೂ ತಂತ್ರಾಂಶವು ಅದನ್ನು ಬೇರೆ ಊರೆಂದು ಎಣಿಸಬಹುದು.

3. ತಾಲ್ಲೂಕಿನ ಹೆಸರು: 2011ರ ಜನಗಣತಿಯ ವೇಳೆಗೆ ಜಿಲ್ಲೆಯಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂಬ 3 ತಾಲ್ಲೂಕುಗಳಿದ್ದವು, ಇಂದು 7 ಇವೆ. ಆ ಕಡತದಲ್ಲಿ ‘ಕಾಪು ತಾಲ್ಲೂಕು’ ಎಂದು ಹುಡುಕಿದರೆ ದೊರೆಯದು. ಅಲ್ಲಿನ ಗ್ರಾಮಗಳು ಉಡುಪಿ ತಾಲ್ಲೂಕಿನ ಅಡಿಯಲ್ಲಿವೆ. ಹಳೆಯ ಮತ್ತು ಹೊಸ ಕಡತಗಳನ್ನು ತಾಲ್ಲೂಕಿನ ಹೆಸರಿನಿಂದಲ್ಲ, ಗ್ರಾಮದ ಸಂಕೇತ ಸಂಖ್ಯೆಯಿಂದ ಜೋಡಿಸುವುದು ಸೂಕ್ತ.

4. ಒಟ್ಟು ಮೊತ್ತ: 2011ರಲ್ಲಿ ಜಿಲ್ಲೆಯ ಜನಸಂಖ್ಯೆ 11,77,361. ಜನಗಣತಿಯ ಕಡತದಲ್ಲಿ ಗ್ರಾಮೀಣ, ನಗರ ಮತ್ತು ಒಟ್ಟು ಎಂಬ ಪ್ರತ್ಯೇಕ ಸಾಲುಗಳಿರುತ್ತವೆ. ಮೂರನ್ನೂ ಕೂಡಿದರೆ 23,54,722 ಬರುತ್ತದೆ. ಅಂದರೆ ಪ್ರತಿಯೊಬ್ಬರೂ ಎರಡು ಬಾರಿ ಎಣಿಕೆಯಾಗಿರುತ್ತಾರೆ.

ಮೂಲ ಕಡತವನ್ನು ತಿದ್ದದೆ ಕಾಯ್ದಿರಿಸಿ, ಅದರ ಪ್ರತಿಯಲ್ಲಿ ಮಾತ್ರ ತಿದ್ದುಪಡಿ ಮಾಡತಕ್ಕದ್ದು. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಪಂಚಾಯತ್ ಕಚೇರಿಗೆ ವರದಿ ಕಳುಹಿಸುವ ಮುನ್ನ ಸದಸ್ಯರು ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು: ಮೂಲ ಕಡತದಲ್ಲಿದ್ದಷ್ಟೇ ಸಾಲುಗಳು ಆಮದಾಗಿವೆಯೇ? ಒಟ್ಟು ಮೊತ್ತ ತಾಳೆಯಾಗುತ್ತದೆಯೇ? ಖಾಲಿ ಕೋಶಗಳು ಖಾಲಿಯಾಗಿಯೇ ಉಳಿದಿವೆಯೇ? ಇವುಗಳಿಗೆ ಉತ್ತರಿಸಲು ಕಂಪ್ಯೂಟರ್ ಜ್ಞಾನಕ್ಕಿಂತ ತಮ್ಮ ವಾರ್ಡಿನ ಪರಿಚಯವೇ ಹೆಚ್ಚು ನೆರವಾಗುತ್ತದೆ. ಕಡತದಿಂದ ಬಿಟ್ಟುಹೋದ ಒಂದು ಸಾಲು ಯೋಜನೆಯಿಂದ ಬಿಟ್ಟುಹೋದ ಒಂದು ಕುಟುಂಬವಾಗಿರಬಹುದು.